ಕ್ರೈಸ್ತ ಶಾಲೆಗೆ ಹೊಸ ಕಟ್ಟಡ: ಹಣ ಎಲ್ಲಿಂದ ಬರುತ್ತದೆ, ಯಾವ ನಿಯಮಕ್ಕೆ ಒಳಪಡುತ್ತದೆ?

ಮಂಗಳೂರು, ಉಡುಪಿ, ಕಾರ್ಕಳ, ಕುಂದಾಪುರದ ಸುತ್ತಮುತ್ತ ಚರ್ಚಿನ ಮಗ್ಗುಲಲ್ಲೇ ಇರುವ ಎಷ್ಟೋ ಶಾಲೆಗಳು ನೂರು ವರ್ಷ ದಾಟಿವೆ. ಮುರಕಲ್ಲಿನ ಗೋಡೆ, ಮರದ ಪಕ್ಕಾಸು, ಮೇಲೆ ಹಂಚು. ಪಕ್ಕಾಸಿಗೆ ಗೆದ್ದಲು ಹಿಡಿದು, ಮಳೆಗಾಲದಲ್ಲಿ ತರಗತಿಯ ಮೂಲೆಗೆ ಬಕೆಟ್ ಇಡುವ ಪರಿಸ್ಥಿತಿ ಬಂದಾಗ ಆಡಳಿತ ಮಂಡಳಿ ಹೊಸ ಕಟ್ಟಡದ ಮಾತೆತ್ತುತ್ತದೆ. ನಕ್ಷೆ ತಯಾರಾಗುತ್ತದೆ, ಕಟ್ಟಡ ಸಮಿತಿ ರಚನೆಯಾಗುತ್ತದೆ, ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಮನವಿ ಪತ್ರ ಬರುತ್ತದೆ. ಪತ್ರದ ಕೊನೆಯಲ್ಲಿ ಬ್ಯಾಂಕ್ ಖಾತೆಯ ಸಂಖ್ಯೆ ಮತ್ತು ಕ್ಯೂಆರ್ ಕೋಡ್.

ಅದನ್ನು ಓದಿದವರಲ್ಲಿ ಏಳುವ ಪ್ರಶ್ನೆಗಳು ಎಲ್ಲ ಊರುಗಳಲ್ಲೂ ಹೆಚ್ಚುಕಡಿಮೆ ಒಂದೇ. ಚರ್ಚಿನ ಹತ್ತಿರ ಹಣವಿಲ್ಲವೇ? ಸರ್ಕಾರ ಏನೂ ಕೊಡುವುದಿಲ್ಲವೇ? ಹೊರದೇಶದಿಂದ ಬರುತ್ತದಂತಲ್ಲ, ನಿಜವೇ? ನಾನು ಕ್ರೈಸ್ತನಲ್ಲ, ಆದರೆ ಅಲ್ಲೇ ಓದಿದವನು. ಕೊಟ್ಟರೆ ಅದು ಶಾಲೆಗೆ ಸೇರುತ್ತದೋ ಚರ್ಚಿಗೆ ಸೇರುತ್ತದೋ? ತೆರಿಗೆಯಲ್ಲಿ ವಿನಾಯಿತಿ ಉಂಟೇ? ಈ ಪ್ರಶ್ನೆಗಳನ್ನು ಯಾರೂ ಸಂಕೋಚದಿಂದ ಕೇಳಬೇಕಾಗಿಲ್ಲ. ಪ್ರತಿಯೊಂದಕ್ಕೂ ಕಾನೂನಿನಲ್ಲಿ ಸ್ಪಷ್ಟ ಉತ್ತರವಿದೆ.

ಮೊದಲು, ಶಾಲೆ ಯಾರದ್ದು?

ಊರಿನವರ ಬಾಯಲ್ಲಿ ಅದು ‘ಚರ್ಚ್ ಶಾಲೆ’. ಕಾಗದಪತ್ರದಲ್ಲಿ ಸಾಮಾನ್ಯವಾಗಿ ಮೂರು ಬಗೆಯ ಒಡೆತನ ಕಾಣುತ್ತದೆ. ಕಥೋಲಿಕರಲ್ಲಿ ಒಂದು ಧರ್ಮಕೇಂದ್ರದ, ಅಂದರೆ ಸ್ಥಳೀಯ ಚರ್ಚಿನ, ಶಾಲೆಯಾಗಿದ್ದರೆ ಅದು ಧರ್ಮಪ್ರಾಂತದ, ಅಂದರೆ ಬಿಷಪರ ವ್ಯಾಪ್ತಿಯ, ಶಿಕ್ಷಣ ಮಂಡಳಿಯ ಆಡಳಿತಕ್ಕೆ ಸೇರಿರುತ್ತದೆ; ಚರ್ಚಿನ ಧರ್ಮಗುರುಗಳೇ ಶಾಲೆಯ ಸಂಚಾಲಕರಾಗಿರುತ್ತಾರೆ. ಜೆಸ್ವಿಟರು, ಅಪೊಸ್ತಲಿಕ್ ಕಾರ್ಮೆಲ್, ಬೆಥನಿ ಮುಂತಾದ ಧಾರ್ಮಿಕ ಸಭೆಗಳು ನಡೆಸುವ ಶಾಲೆಗಳು ಆಯಾ ಸಭೆ ನೋಂದಾಯಿಸಿದ ಸೊಸೈಟಿ ಅಥವಾ ಟ್ರಸ್ಟಿನ ಹೆಸರಿನಲ್ಲಿರುತ್ತವೆ. ಇನ್ನು ಬಾಸೆಲ್ ಮಿಷನ್ ಎಂಬ ಪ್ರೊಟೆಸ್ಟೆಂಟ್ ಮಿಷನರಿ ಸಂಸ್ಥೆಯ ಪರಂಪರೆಯ ಶಾಲೆಗಳು ಇಂದು ದಕ್ಷಿಣ ಭಾರತ ಸಭೆ (ಸಿಎಸ್‌ಐ) ಎಂಬ ಪ್ರೊಟೆಸ್ಟೆಂಟ್ ಸಭೆಯ ಭಾಗ. 1947ರಲ್ಲಿ ರೂಪುಗೊಂಡ ಈ ಸಭೆಯ ಆಸ್ತಿಗಳನ್ನು ಹೊಂದಲೆಂದೇ ಪ್ರತ್ಯೇಕ ಟ್ರಸ್ಟ್ ಸಂಸ್ಥೆಯೊಂದಿದೆ.

ಈ ವಿವರ ಏಕೆ ಮುಖ್ಯವೆಂದರೆ, ಹಣ ಸ್ವೀಕರಿಸುವವರು ಯಾರು, ರಸೀದಿ ಕೊಡುವವರು ಯಾರು, ಕಟ್ಟಡ ಯಾರ ಹೆಸರಿಗೆ ದಾಖಲಾಗುತ್ತದೆ ಎಂಬುದೆಲ್ಲ ಇದರ ಮೇಲೆ ನಿಂತಿದೆ. ಜಾಗದ ಒಡೆತನ ಮೇಲಿನ ಸಂಸ್ಥೆಯದ್ದಾಗಿದ್ದರೆ ಊರಿನ ಸಮಿತಿ ಅದನ್ನು ತಾನಾಗಿ ಅಡವಿಟ್ಟು ಬ್ಯಾಂಕ್ ಸಾಲ ತರಲಾಗದು. ‘ಇಷ್ಟು ದೊಡ್ಡ ಜಾಗ ಇದೆಯಲ್ಲ, ಸಾಲ ಮಾಡಬಹುದಲ್ಲ’ ಎಂಬ ಮಾತಿಗೆ ಉತ್ತರ ಅನೇಕ ಬಾರಿ ಇಷ್ಟೇ.

ಸರ್ಕಾರ ಕಟ್ಟಿಕೊಡುವುದಿಲ್ಲವೇ?

ಖಾಸಗಿ ಶಾಲೆಗಳಲ್ಲಿ ಅನುದಾನಿತ, ಅನುದಾನರಹಿತ ಎಂಬ ಎರಡು ವಿಧ. ಅನುದಾನಿತ ಶಾಲೆಯಲ್ಲಿ ಮಂಜೂರಾದ ಹುದ್ದೆಯ ಶಿಕ್ಷಕರ ಸಂಬಳವನ್ನು ಸರ್ಕಾರ ಕೊಡುತ್ತದೆ. ಕಟ್ಟಡ ಮಾತ್ರ ಆಡಳಿತ ಮಂಡಳಿಯ ಹೊಣೆ. ಕರಾವಳಿಯ ಹಳೆಯ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಬಹಳಷ್ಟು ಈ ಗುಂಪಿನವು. ಅಲ್ಲಿ ಶುಲ್ಕದಿಂದ ಬರುವ ಹಣ ಅತ್ಯಲ್ಪ. ಅದರಲ್ಲಿ ಉಳಿಸಿ ಕಟ್ಟಡ ಕಟ್ಟುವ ಮಾತೇ ಇಲ್ಲ. ಅನುದಾನರಹಿತ ಶಾಲೆಗೆ ಶುಲ್ಕದ ಆದಾಯವಿದೆ, ಆದರೆ ಶಿಕ್ಷಕರ ಸಂಬಳವನ್ನೂ ಅದರಿಂದಲೇ ಕೊಡಬೇಕು.

ಸಂವಿಧಾನದ 30ನೇ ವಿಧಿ ಧಾರ್ಮಿಕ ಮತ್ತು ಭಾಷಿಕ ಅಲ್ಪಸಂಖ್ಯಾತರಿಗೆ ತಮ್ಮ ಆಯ್ಕೆಯ ಶಿಕ್ಷಣ ಸಂಸ್ಥೆ ಸ್ಥಾಪಿಸಿ ನಡೆಸುವ ಹಕ್ಕು ಕೊಟ್ಟಿದೆ. ಅದು ಹಕ್ಕೇ ಹೊರತು ಹಣದ ಭರವಸೆಯಲ್ಲ. ಅದೇ ವಿಧಿಯ ಎರಡನೇ ಭಾಗ ಹೇಳುವುದು ಇಷ್ಟು: ಸರ್ಕಾರ ಶಿಕ್ಷಣ ಸಂಸ್ಥೆಗಳಿಗೆ ನೆರವು ಕೊಡುವಾಗ, ಅಲ್ಪಸಂಖ್ಯಾತರ ಆಡಳಿತದಲ್ಲಿದೆ ಎಂಬ ಕಾರಣಕ್ಕೆ ಯಾವ ಸಂಸ್ಥೆಗೂ ತಾರತಮ್ಯ ಮಾಡಬಾರದು.

ಇದಕ್ಕೆ ಹೊಂದಿಕೊಂಡ 28ನೇ ವಿಧಿಯನ್ನೂ ಇಲ್ಲೇ ಹೇಳಬೇಕು, ಏಕೆಂದರೆ ಇತರ ಧರ್ಮಗಳ ಪೋಷಕರು ಇದನ್ನು ಕೇಳುತ್ತಾರೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಮಗುವನ್ನು ಧಾರ್ಮಿಕ ಬೋಧನೆಗೆ ಕೂರಿಸಬೇಕಾದರೆ ಪೋಷಕರ ಒಪ್ಪಿಗೆ ಬೇಕು. ಹೊಸ ಕಟ್ಟಡಕ್ಕೆ ಹಣ ಯಾರಿಂದ ಬಂದರೂ ಈ ನಿಯಮ ಬದಲಾಗುವುದಿಲ್ಲ.

ಹಿಂದಿನವರು ಹೇಗೆ ಕಟ್ಟಿದರು?

ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಸ್ವಿಟ್ಜರ್ಲೆಂಡ್ ಮತ್ತು ಜರ್ಮನಿಯ ಸಾಮಾನ್ಯ ಭಕ್ತರ ಕಾಣಿಕೆ ಅವರ ಮೊದಲ ಬಂಡವಾಳ. ಆಮೇಲೆ ಅವರು ಮುದ್ರಣಾಲಯ, ನೇಯ್ಗೆ, ಹಂಚಿನ ಕಾರ್ಖಾನೆ ಎಂದು ಕೈಗಾರಿಕೆಗಳನ್ನು ಬೆಳೆಸಿದರು. 1865ರಲ್ಲಿ ಜೆಪ್ಪುವಿನಲ್ಲಿ ಶುರುವಾದ ಕಾರ್ಖಾನೆಯ ಹಂಚೇ ಮುಂದೆ ‘ಮಂಗಳೂರು ಹಂಚು’ ಎಂದು ಹೆಸರಾಯಿತು. ಮೊದಲ ಮಹಾಯುದ್ಧ ಬಂದಾಗ ಜರ್ಮನ್ ಮಿಷನರಿಗಳು ಇಲ್ಲಿಂದ ಹೊರಡಬೇಕಾಯಿತು, ಕೈಗಾರಿಕೆಗಳು ಬೇರೆಯವರ ಪಾಲಾದವು. ದೂರದ ದೇಶದ ಹಣವನ್ನೇ ನೆಚ್ಚಿದ ಸಂಸ್ಥೆಯ ಸ್ಥಿತಿ ಒಂದೇ ಯುದ್ಧದಲ್ಲಿ ಏನಾಗಬಹುದು ಎಂಬುದಕ್ಕೆ ಕರಾವಳಿಯ ಇತಿಹಾಸದಲ್ಲೇ ಇರುವ ಉದಾಹರಣೆ ಇದು.

ಸ್ಥಳೀಯರ ಕೊಡುಗೆ ಸಣ್ಣದಾಗಿರಲಿಲ್ಲ. ಜೆಸ್ವಿಟರು 1880ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಸಂತ ಅಲೋಶಿಯಸ್ ಕಾಲೇಜಿಗೆ ಗುಡ್ಡದ ಮೇಲಿನ ಜಾಗವನ್ನು ಕೊಟ್ಟವರು ಊರಿನವರೇ ಆದ ಲಾರೆನ್ಸ್ ಲೋಬೊ ಪ್ರಭು. ಹಳ್ಳಿಯ ಶಾಲೆಗಳಲ್ಲಂತೂ ಒಬ್ಬರು ಮರ ಕೊಟ್ಟರು, ಇನ್ನೊಬ್ಬರು ಕಲ್ಲು ಹೊರಿಸಿದರು, ಉಳಿದವರು ಶ್ರಮದಾನ ಮಾಡಿದರು ಎಂಬುದು ಸಾಮಾನ್ಯವಾದ ಕತೆ.

ಇಂದು ಅದೇ ರೀತಿ ಏಕೆ ಕಟ್ಟಲಾಗದು?

2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಖಾಸಗಿ ಶಾಲೆಯೊಂದರಲ್ಲಿ ಅಡುಗೆಮನೆಯ ಬೆಂಕಿ ಗರಿಯ ಮಾಡಿಗೆ ತಗುಲಿ 94 ಮಕ್ಕಳು ಸತ್ತರು. ಹೊರಬರಲು ಸರಿಯಾದ ದಾರಿ ಇರಲಿಲ್ಲ. ಆ ದುರಂತದ ಹಿನ್ನೆಲೆಯಲ್ಲಿ ಸುಪ್ರೀಂ ಕೋರ್ಟಿಗೆ ಹೋದ ಅರ್ಜಿಯ ಮೇಲೆ 2009ರಲ್ಲಿ ತೀರ್ಪು ಬಂತು: ಸುರಕ್ಷಿತ ಕಟ್ಟಡದಲ್ಲಿ ಕಲಿಯುವುದು ಶಿಕ್ಷಣದ ಹಕ್ಕಿನ ಭಾಗವೇ. ಸರ್ಕಾರಿ ಶಾಲೆಗೂ ಖಾಸಗಿ ಶಾಲೆಗೂ ಅಗ್ನಿ ಸುರಕ್ಷತೆ ಕಡ್ಡಾಯವಾಯಿತು. ಕಟ್ಟಡ ರಾಷ್ಟ್ರೀಯ ಕಟ್ಟಡ ಸಂಹಿತೆಗೆ ಅನುಗುಣವಾಗಿರಬೇಕೆಂದೂ ಕೋರ್ಟು ಹೇಳಿತು.

ಆದ್ದರಿಂದ ಈಗಿನ ಅಂದಾಜು ಪಟ್ಟಿಯಲ್ಲಿ ಗೋಡೆ, ಸ್ಲ್ಯಾಬುಗಳ ಜತೆ ಬೇರೆ ಸಾಲುಗಳೂ ಇರುತ್ತವೆ: ಅಗಲವಾದ ಮೆಟ್ಟಿಲು, ಬೆಂಕಿ ಬಿದ್ದಾಗ ಹೊರಬರಲು ಇನ್ನೊಂದು ದಾರಿ, ಬೆಂಕಿ ಆರಿಸುವ ನೀರಿನ ತೊಟ್ಟಿ, ಗಾಲಿಕುರ್ಚಿ ಹೋಗುವಂಥ ಇಳಿಜಾರು, ಹೆಣ್ಣುಮಕ್ಕಳಿಗೆ ಪ್ರತ್ಯೇಕ ಶೌಚಾಲಯ. ಮೆಟ್ಟಿಲು ಒಂದಿದ್ದರೆ ಸಾಲದೇ ಎಂದು ಕೇಳುವವರು ಕುಂಭಕೋಣವನ್ನು ನೆನೆಯಬೇಕು.

ತೆರಿಗೆಯೂ ಸಣ್ಣ ಮೊತ್ತವಲ್ಲ. ಶಾಲೆಯ ಕಟ್ಟಡದ ಗುತ್ತಿಗೆಗೆ ಶೇ. 18 ಜಿಎಸ್‌ಟಿ ಇದೆ. ವ್ಯಾಪಾರಿಯಾದರೆ ತಾನು ಕೊಟ್ಟ ತೆರಿಗೆಯನ್ನು ಮುಂದಿನ ಮಾರಾಟದಲ್ಲಿ ಹೊಂದಿಸಿಕೊಳ್ಳಬಹುದು. ಶಾಲೆ ಕೊಡುವ ಶಿಕ್ಷಣಕ್ಕೆ ಜಿಎಸ್‌ಟಿಯೇ ಇಲ್ಲದಿರುವುದರಿಂದ ಅದಕ್ಕೆ ಆ ದಾರಿ ಇಲ್ಲ. ಕೊಟ್ಟದ್ದು ಕೊಟ್ಟ ಹಾಗೆಯೇ. ಇದರ ಮೇಲೆ ಕರಾವಳಿಯ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಡಿಪಾಯದ ಕೆಲಸ ಬಹುತೇಕ ನಿಲ್ಲುತ್ತದೆ. ಬೇಸಿಗೆಯಲ್ಲಿ ಹಣ ಕೂಡದಿದ್ದರೆ ಕೆಲಸ ವರ್ಷವಿಡೀ ಹಿಂದೆ ಬೀಳುತ್ತದೆ.

ಹಣ ಕೂಡುವ ಬಗೆ

ಮೊದಲು ಕೈ ಹಾಕುವುದು ಚರ್ಚಿನ ಕುಟುಂಬಗಳು. ಕಥೋಲಿಕ ಧರ್ಮಕೇಂದ್ರವನ್ನು ವಾಳೆಗಳಾಗಿ, ಅಂದರೆ ವಾರ್ಡುಗಳಾಗಿ, ವಿಂಗಡಿಸಿರುತ್ತಾರೆ. ಪ್ರತಿ ವಾಳೆಗೆ ಒಬ್ಬ ಮುಖ್ಯಸ್ಥ, ಅವನೇ ಗುರಿಕಾರ. ಪ್ರತಿ ಮನೆಯೂ ತನ್ನ ಶಕ್ತಿಗೆ ತಕ್ಕಂತೆ ತಿಂಗಳಿಗೆ ಅಥವಾ ವರ್ಷಕ್ಕೆ ಇಷ್ಟು ಎಂದು ಒಪ್ಪಿಕೊಳ್ಳುತ್ತದೆ. ಒಪ್ಪಿಕೊಂಡ ಮೊತ್ತವೂ ಕೈಗೆ ಬಂದ ಮೊತ್ತವೂ ಒಂದೇ ಅಲ್ಲ. ಅನುಭವಿ ಖಜಾಂಚಿಗಳು ಇವೆರಡನ್ನೂ ಬೇರೆ ಬೇರೆ ಪುಟದಲ್ಲಿ ಬರೆಯುತ್ತಾರೆ. ಗುತ್ತಿಗೆದಾರನಿಗೆ ಮಾತು ಕೊಡುವಾಗ ಎರಡನೇ ಪುಟವನ್ನೇ ನೋಡುತ್ತಾರೆ.

ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಬೆಳೆ ಹಬ್ಬದ ಹರಾಜು ಇದಕ್ಕೆ ದೊಡ್ಡ ಆಸರೆ. ಭಾನುವಾರದ ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಮೇಜು ಹಾಕುತ್ತಾರೆ. ಮನೆಯ ಮೊದಲ ಬಾಳೆಗೊನೆ, ತೆಂಗಿನಕಾಯಿ, ಸೌತೆ, ಊರಕೋಳಿ, ಮನೆಯಲ್ಲೇ ಬೇಯಿಸಿದ ಕೇಕು ಅದರ ಮೇಲೆ ಬಂದು ಕೂರುತ್ತವೆ. ಕೂಗುವವನಿಗೆ ಎಲ್ಲರ ಹೆಸರೂ ಗೊತ್ತು, ಯಾರನ್ನು ಹೇಗೆ ಹುರಿದುಂಬಿಸಬೇಕೆಂಬುದೂ ಗೊತ್ತು. ಪೇಟೆಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ಗೊನೆ ಅಲ್ಲಿ ಸಾವಿರಗಳಿಗೆ ಏರುತ್ತದೆ. ಹಿಡಿದವರು ಹಣ ಕೊಟ್ಟು, ಗೊನೆಯನ್ನು ಮತ್ತೆ ಹರಾಜಿಗೇ ಬಿಟ್ಟುಕೊಡುವುದುಂಟು. ಒಂದೇ ಗೊನೆ ಎರಡು, ಮೂರು ಸಲ ಮಾರಾಟವಾಗುತ್ತದೆ. ಬಡವರು ತಂದ ಸೌತೆಕಾಯಿಗೂ ಉಳ್ಳವರ ಹಣಕ್ಕೂ ಒಂದೇ ಮೇಜಿನ ಮೇಲೆ ಸ್ಥಾನ ಸಿಗುವ ಈ ಪದ್ಧತಿ ಹಣ ಕೂಡಿಸುವ ವಿಧಾನಗಳಲ್ಲೆಲ್ಲ ಸುಂದರವಾದದ್ದು ಎಂದು ನನಗೆ ಅನಿಸುತ್ತದೆ.

ಲಕ್ಕಿ ಡ್ರಾ ಕೂಪನ್ನಿನ ಬಗ್ಗೆ ಮಾತ್ರ ಎಚ್ಚರ ಬೇಕು. ಕರ್ನಾಟಕ 2007ರಲ್ಲಿ ಲಾಟರಿಯನ್ನು ನಿಷೇಧಿಸಿದೆ. ದುಡ್ಡು ತೆಗೆದುಕೊಂಡು ಚೀಟಿ ಕೊಟ್ಟು, ಅದೃಷ್ಟದ ಮೇಲೆ ಬಹುಮಾನ ಕೊಡುವುದು ಒಳ್ಳೆಯ ಉದ್ದೇಶಕ್ಕಾದರೂ ಕಾನೂನಿನ ದೃಷ್ಟಿಯಲ್ಲಿ ಲಾಟರಿಯೇ ಆಗಬಹುದು. ಕೂಪನ್ ಮುದ್ರಿಸುವ ಮೊದಲೇ ವಕೀಲರನ್ನು ಕೇಳುವುದು ಒಳ್ಳೆಯದು.

ಹಳೆ ವಿದ್ಯಾರ್ಥಿಗಳದ್ದು ಬೇರೆಯೇ ಬಲ. ಈ ಶಾಲೆಗಳಲ್ಲಿ ಓದಿದವರಲ್ಲಿ ಹಿಂದೂಗಳು, ಮುಸ್ಲಿಮರು, ಜೈನರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಅವರು ಕೊಡುವುದು ತಮಗೆ ಅಕ್ಷರ ಕಲಿಸಿದ ಶಾಲೆಗೆ. ಅವರ ಮಟ್ಟಿಗೆ ಶಾಲೆಯ ಖಾತೆಯೂ ಚರ್ಚಿನ ಖಾತೆಯೂ ಬೇರೆಯಾಗಿರಬೇಕಾದದ್ದು ನಂಬಿಕೆಯ ಪ್ರಶ್ನೆ. ಕಾನೂನಿಗೂ ಅದು ಮುಖ್ಯ.

ದಾನವೋ, ಸೀಟಿನ ಬೆಲೆಯೋ?

ಮಗುವಿನ ದಾಖಲಾತಿಗೆ ಹೋದ ಪೋಷಕರ ಮುಂದೆ ‘ಕಟ್ಟಡ ನಿಧಿ’ ಎಂಬ ಚೀಟಿ ಇಟ್ಟರೆ ಅದು ದಾನವಲ್ಲ. ಸೀಟು ಕೊಡುವುದಕ್ಕೆ ಪ್ರತಿಯಾಗಿ, ನಿಗದಿತ ಶುಲ್ಕದ ಆಚೆಗೆ ಪಡೆಯುವ ಹಣವನ್ನು ಕರ್ನಾಟಕದಲ್ಲಿ 1984ರ ಕಾಯ್ದೆಯೊಂದು ನಿಷೇಧಿಸಿದೆ. ಹೆಸರು ಏನೇ ಇಟ್ಟರೂ ಅದು ಕ್ಯಾಪಿಟೇಷನ್ ಶುಲ್ಕವೇ. ಈ ವಿಷಯದಲ್ಲಿ ದೇಶಕ್ಕೆ ದಾರಿ ತೋರಿದ ಎರಡು ತೀರ್ಪುಗಳು ನಮ್ಮ ರಾಜ್ಯದಿಂದಲೇ ಹೋದವು. 1992ರ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕ್ಯಾಪಿಟೇಷನ್ ಶುಲ್ಕವನ್ನು ಖಂಡಿಸಿತು. 2002ರಲ್ಲಿ ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ 11 ನ್ಯಾಯಮೂರ್ತಿಗಳ ಪೀಠ ಗೆರೆ ಎಳೆದು ಹೇಳಿತು: ಖಾಸಗಿ ಸಂಸ್ಥೆ ತನ್ನ ಬೆಳವಣಿಗೆಗೆ ಬೇಕಾದಷ್ಟು ಮಿತವಾದ ಉಳಿತಾಯ ಮಾಡಿಕೊಳ್ಳಬಹುದು, ಲಾಭಕೋರತನವೂ ಕ್ಯಾಪಿಟೇಷನ್ ಶುಲ್ಕವೂ ಸಲ್ಲದು.

ಪರೀಕ್ಷಿಸಿ ನೋಡುವುದು ಸುಲಭ. ಕೊಡದಿದ್ದರೆ ಮಗುವಿಗೆ ಏನಾದರೂ ತಪ್ಪುತ್ತದೆಯೇ? ತಪ್ಪುವುದಾದರೆ ಅದು ದಾನವಲ್ಲ. ಒಳ್ಳೆಯ ಆಡಳಿತ ಮಂಡಳಿಗಳು ಈ ಕಾರಣಕ್ಕೇ ದಾಖಲಾತಿಯ ತಿಂಗಳುಗಳಲ್ಲಿ ಕಟ್ಟಡ ನಿಧಿಯ ಮಾತೆತ್ತುವುದಿಲ್ಲ.

ರಸೀದಿಯನ್ನು ಓದುವುದು ಹೇಗೆ?

ಅಂಗೈ ಅಗಲದ ರಸೀದಿಯಲ್ಲಿ ಬಹಳ ಸಂಗತಿ ಇರುತ್ತದೆ. ಮೇಲ್ಭಾಗದಲ್ಲಿ ಸಂಸ್ಥೆಯ ಹೆಸರು. ಅದು ಶಾಲೆಯ ಹೆಸರಾಗಿರದೆ ಸೊಸೈಟಿ ಅಥವಾ ಟ್ರಸ್ಟಿನ ಹೆಸರಾಗಿರಬಹುದು; ಅದರಲ್ಲಿ ತಪ್ಪಿಲ್ಲ. ಕೆಳಗೆ ಸಂಸ್ಥೆಯ ಪ್ಯಾನ್, ದಾನಿಗೆ ತೆರಿಗೆ ವಿನಾಯಿತಿ ಸಿಗಲು ಬೇಕಾದ 80ಜಿ ನೋಂದಣಿಯ ಸಂಖ್ಯೆ. ಮಧ್ಯದಲ್ಲಿ ನಿಮ್ಮ ಹೆಸರು, ವಿಳಾಸ, ಪ್ಯಾನ್, ಹಣ ಕೊಟ್ಟ ಬಗೆ. ಎಲ್ಲಕ್ಕಿಂತ ಮುಖ್ಯವಾದದ್ದು ‘ಬಾಬ್ತು’ ಎಂಬ ಸಾಲು. ಅಲ್ಲಿ ‘ಕಟ್ಟಡ ನಿಧಿಗೆ’ ಎಂದು ಬರೆದಿದ್ದರೆ ಆ ಹಣವನ್ನು ಸಂಬಳಕ್ಕೋ ವಾರ್ಷಿಕೋತ್ಸವಕ್ಕೋ ಬಳಸುವಂತಿಲ್ಲ. ಬರೇ ‘ದಾನ’ ಎಂದಿದ್ದರೆ ಸಂಸ್ಥೆ ತನ್ನ ಯಾವ ಉದ್ದೇಶಕ್ಕಾದರೂ ಬಳಸಬಹುದು. ಹಣ ಕಳುಹಿಸುವಾಗಲೇ ಒಂದು ಸಾಲಿನಲ್ಲಿ ಉದ್ದೇಶ ಬರೆದು ಕಳುಹಿಸಿದರೆ ಎರಡೂ ಕಡೆಗೆ ಕ್ಷೇಮ.

80ಜಿ ಎಂಬುದು 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್. 2025ರಲ್ಲಿ ಅಂಗೀಕಾರವಾದ ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದ ಅನ್ವಯವಾಗುವಂತೆ ಸೆಕ್ಷನ್ನುಗಳ ಸಂಖ್ಯೆ ಬದಲಾಯಿಸಿದೆ, ಆದರೆ ಜನರ ಬಾಯಲ್ಲಿ 80ಜಿ ಎಂಬ ಹೆಸರೇ ಉಳಿದಿದೆ. ಅದರ ಸಾರ ಹೀಗಿದೆ. ಅನುಮೋದನೆ ಪಡೆದ ಸಂಸ್ಥೆಗೆ ಕೊಟ್ಟ ಮೊತ್ತದ ಅರ್ಧವನ್ನು ನಿಮ್ಮ ಆದಾಯದಿಂದ ಕಳೆಯಬಹುದು. ಲೆಕ್ಕಕ್ಕೆ ಹಿಡಿಯುವ ದಾನ ನಿಮ್ಮ ಆದಾಯದ ಶೇ. 10ನ್ನು ಮೀರುವಂತಿಲ್ಲ. ಶೇ. 20ರ ತೆರಿಗೆ ಹಂತದಲ್ಲಿರುವವರು 20,000 ರೂಪಾಯಿ ಕೊಟ್ಟರೆಂದುಕೊಳ್ಳಿ. 10,000 ರೂಪಾಯಿ ಆದಾಯದಿಂದ ಕಳೆಯುತ್ತದೆ. ಸೆಸ್ ಸೇರಿ ನಿಮಗೆ ಉಳಿತಾಯವಾಗುವ ತೆರಿಗೆ 2,080 ರೂಪಾಯಿ. ಇಷ್ಟೇ. ಕೊಟ್ಟದ್ದೆಲ್ಲ ವಾಪಸ್ ಬರುತ್ತದೆ ಎಂದು ಯಾರಾದರೂ ಹೇಳಿದರೆ ಅದು ಸರಿಯಲ್ಲ.

ಮೂರು ವಿಷಯಗಳಲ್ಲಿ ಜನ ಎಡವುತ್ತಾರೆ. ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಈ ವಿನಾಯಿತಿ ಇಲ್ಲ. ನಗದಾಗಿ 2,000 ರೂಪಾಯಿಗಿಂತ ಹೆಚ್ಚು ಕೊಟ್ಟರೆ ಆ ದಾನಕ್ಕೂ ಇಲ್ಲ. ಹಾಗೆಯೇ ಸಿಮೆಂಟ್ ಚೀಲ, ಬಾಗಿಲು, ಫ್ಯಾನ್ ಮುಂತಾಗಿ ವಸ್ತುರೂಪದಲ್ಲಿ ಕೊಟ್ಟದ್ದಕ್ಕೂ ಇಲ್ಲ. ಅದೇ ಹಣವನ್ನು ಬ್ಯಾಂಕ್ ಮೂಲಕ ಕಟ್ಟಡ ನಿಧಿಗೆ ಕಟ್ಟಿದ್ದರೆ ಇರುತ್ತಿತ್ತು. ರಸೀದಿ ಇದ್ದರಷ್ಟೇ ಸಾಲದು. ಹಣಕಾಸು ವರ್ಷ ಮುಗಿದ ಮೇಲೆ ಮೇ 31ರೊಳಗೆ ಸಂಸ್ಥೆ ದಾನಿಗಳ ಪಟ್ಟಿಯನ್ನು ತೆರಿಗೆ ಇಲಾಖೆಗೆ ಸಲ್ಲಿಸಿ, ನಿಮಗೆ ಪ್ರಮಾಣಪತ್ರ ಕೊಡಬೇಕು. ಹಳೆಯ ಕಾಯ್ದೆಯಡಿ ಅದಕ್ಕೆ 10ಬಿಇ ಎಂದು ಹೆಸರು. ಆ ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲದಿದ್ದರೆ ವಿನಾಯಿತಿ ಸಿಗುವುದಿಲ್ಲ.

ಕ್ರೈಸ್ತ ಸಂಸ್ಥೆಗೆ 80ಜಿ ಸಿಗುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಸಂಸ್ಥೆಯ ನಿಯಮಾವಳಿಯಲ್ಲಿದೆ. ಒಂದೇ ಧಾರ್ಮಿಕ ಸಮುದಾಯದ ಪ್ರಯೋಜನಕ್ಕೆಂದು ಬರೆದುಕೊಂಡ ಸಂಸ್ಥೆಗೆ ಈ ಅನುಮೋದನೆ ಇಲ್ಲ. ಎಲ್ಲ ಮಕ್ಕಳಿಗೂ ಬಾಗಿಲು ತೆರೆದಿರುವ ಶಿಕ್ಷಣ ಸೊಸೈಟಿಗೆ, ಅದನ್ನು ನಡೆಸುವವರು ಕ್ರೈಸ್ತರಾಗಿದ್ದರೂ, ಸಿಗಬಹುದು. ಚರ್ಚಿಗೆ ಕೊಟ್ಟ ಕಾಣಿಕೆಗೆ ಸಾಮಾನ್ಯವಾಗಿ ಇಲ್ಲದ ವಿನಾಯಿತಿ ಪಕ್ಕದ ಶಾಲೆಗೆ ಕೊಟ್ಟ ದಾನಕ್ಕೆ ಇರುವುದು ಈ ಕಾರಣದಿಂದ.

ಹೆಸರು ಹೇಳದ ಕಾಣಿಕೆ

‘ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು’ ಎಂಬ ಬೈಬಲ್ ಮಾತನ್ನು ನೆಚ್ಚಿ ಹೆಸರು ಬರೆಯದ ಲಕೋಟೆಯಲ್ಲಿ ಹಣ ಹಾಕುವವರಿದ್ದಾರೆ. ಅವರ ಭಾವನೆ ದೊಡ್ಡದು, ಆದರೆ ತೆರಿಗೆಯ ನಿಯಮ ಇಲ್ಲಿ ಅಡ್ಡ ಬರುತ್ತದೆ. ಪೂರ್ತಿ ಧಾರ್ಮಿಕವಾದ ಸಂಸ್ಥೆಗೆ ಬಂದ ಅನಾಮಧೇಯ ಕಾಣಿಕೆಗೆ ತೆರಿಗೆ ಇಲ್ಲ. ಚರ್ಚಿನ ಕಾಣಿಕೆ ಡಬ್ಬಿ, ದೇವಸ್ಥಾನದ ಹುಂಡಿ ಎರಡಕ್ಕೂ ಇದು ಅನ್ವಯ. ಧಾರ್ಮಿಕ ಕೆಲಸ, ಸೇವಾಕಾರ್ಯ ಎರಡನ್ನೂ ಮಾಡುವ ಸಂಸ್ಥೆಯಾದರೆ, ‘ಶಾಲೆಗೆ’ ಎಂದು ನಿರ್ದಿಷ್ಟವಾಗಿ ಸೂಚಿಸಿ ಕೊಟ್ಟ ಅನಾಮಧೇಯ ಹಣ ತೆರಿಗೆಯ ವ್ಯಾಪ್ತಿಗೆ ಬರುತ್ತದೆ. ಒಂದು ಲಕ್ಷ ರೂಪಾಯಿ ಅಥವಾ ಒಟ್ಟು ದಾನದ ಶೇ. 5, ಇವೆರಡರಲ್ಲಿ ಹೆಚ್ಚಿನ ಮೊತ್ತದವರೆಗೆ ರಿಯಾಯಿತಿ. ಅದಕ್ಕೂ ಮೀರಿದ್ದಕ್ಕೆ ಶೇ. 30 ತೆರಿಗೆ.

ಮದುವೆಮನೆಯಲ್ಲಿ ಮುಯ್ಯಿ ಬರೆಯಲು ಒಬ್ಬರು ಕೂರುತ್ತಾರಲ್ಲ, ಹೆಸರು, ಊರು, ಮೊತ್ತ? ಕಾನೂನು ಶಾಲೆಯಿಂದ ಕೇಳುವುದು ಅಂಥದ್ದೇ ಪುಸ್ತಕ. ಆ ಪುಸ್ತಕವನ್ನು ಊರಿಗೆಲ್ಲ ಓದಿ ಹೇಳಬೇಕಾಗಿಲ್ಲ. ಹೆಸರನ್ನು ಸಂಸ್ಥೆಯ ದಾಖಲೆಗೆ ಕೊಟ್ಟು, ಫಲಕದಲ್ಲಿ ಹಾಕಬೇಡಿ ಎಂದರೆ ಗೌಪ್ಯವೂ ಉಳಿಯುತ್ತದೆ, ಶಾಲೆಯ ಹಣವೂ ಉಳಿಯುತ್ತದೆ.

ಫಲಕದಲ್ಲಿ ಹೆಸರು ಬೇಕೆನ್ನುವವರ ಬಗ್ಗೆಯೂ ಒಂದು ಮಾತು. ತಂದೆತಾಯಿಯ ನೆನಪಿಗೆ ಒಂದು ತರಗತಿ ಕಟ್ಟಿಸಿಕೊಟ್ಟು ಬಾಗಿಲ ಮೇಲೆ ಅವರ ಹೆಸರು ಹಾಕಿಸುವುದು ನಮ್ಮಲ್ಲಿ ರೂಢಿ. ಇದು ಜಾಹೀರಾತಾಗಿ ಜಿಎಸ್‌ಟಿಗೆ ಒಳಪಡುತ್ತದೆಯೇ ಎಂಬ ಅನುಮಾನವಿತ್ತು. 2019ರಲ್ಲಿ ಕೇಂದ್ರದ ಪರೋಕ್ಷ ತೆರಿಗೆ ಮಂಡಳಿ ಸುತ್ತೋಲೆ ಹೊರಡಿಸಿ ಸ್ಪಷ್ಟಪಡಿಸಿತು: ಕೃತಜ್ಞತೆಗಾಗಿ ಹೆಸರು ಹಾಕಿದರೆ ಜಿಎಸ್‌ಟಿ ಇಲ್ಲ; ವ್ಯಾಪಾರದ ಪ್ರಚಾರವಾದರೆ ಇದೆ.

ಹೊರದೇಶದ ಹಣ: ಎಲ್ಲಕ್ಕಿಂತ ಹೆಚ್ಚು ಗೊಂದಲವಿರುವುದು ಇಲ್ಲಿ

ಕರಾವಳಿಯ ಮನೆಗಳಿಗೂ ದುಬೈ, ಕುವೈತ್, ಬಹರೈನ್, ಕೆನಡಾಗಳಿಗೂ ಇರುವ ನಂಟು ಗೊತ್ತೇ ಇದೆ. ಶಾಲೆಯ ಮನವಿ ಪತ್ರ ಅಲ್ಲಿಗೂ ಹೋಗುತ್ತದೆ. ಹಣ ಕಳುಹಿಸುವ ಮೊದಲು ತಿಳಿಯಬೇಕಾದ ಕಾನೂನು 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ. ಎಲ್ಲರೂ ಕರೆಯುವುದು ಎಫ್‌ಸಿಆರ್‌ಎ ಎಂದು. ಇದು ಕ್ರೈಸ್ತ ಸಂಸ್ಥೆಗಳಿಗೆಂದು ಮಾಡಿದ ಕಾನೂನಲ್ಲ. ಯಾವುದೇ ಧರ್ಮದ, ಧರ್ಮಕ್ಕೆ ಸಂಬಂಧವೇ ಇಲ್ಲದ ಸಂಘಸಂಸ್ಥೆಗಳಿಗೂ ಒಂದೇ.

ಈ ಕಾಯ್ದೆ ನೋಡುವುದು ಹಣ ಎಲ್ಲಿಂದ ಬಂತು ಎಂಬುದಕ್ಕಿಂತ ಹೆಚ್ಚಾಗಿ ಯಾರಿಂದ ಬಂತು ಎಂಬುದನ್ನು. ಕುವೈತಿನಲ್ಲಿ ದುಡಿಯುವ, ಭಾರತದ ಪಾಸ್‌ಪೋರ್ಟ್ ಇರುವ ಹಳೆ ವಿದ್ಯಾರ್ಥಿ ತನ್ನ ಸಂಬಳದ ಉಳಿತಾಯವನ್ನು ಬ್ಯಾಂಕ್ ಮೂಲಕ ಕಳುಹಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಶಾಲೆ ಅದನ್ನು ಸಾಮಾನ್ಯ ಖಾತೆಗೇ ಪಡೆಯಬಹುದು. ಅವನ ಜತೆಯಲ್ಲೇ ಓದಿ, ಕೆನಡಾದ ಪೌರತ್ವ ಪಡೆದವನು ಊರಿಗೆ ಬಂದಾಗ ಮಂಗಳೂರಿನ ಬ್ಯಾಂಕಿನಲ್ಲಿರುವ ತನ್ನ ಖಾತೆಯಿಂದಲೇ ರೂಪಾಯಿಯಲ್ಲಿ ಕೊಟ್ಟರೂ ಅದು ವಿದೇಶಿ ದೇಣಿಗೆ. ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಓಸಿಐ ಕಾರ್ಡ್ ಇದ್ದರೂ ವ್ಯತ್ಯಾಸವಿಲ್ಲ, ಏಕೆಂದರೆ ಪಾಸ್‌ಪೋರ್ಟ್ ಬೇರೆ ದೇಶದ್ದು.

ಮೂರನೆಯ ಸಂದರ್ಭದಲ್ಲೇ ಹೆಚ್ಚು ತಪ್ಪಾಗುವುದು. ಹೊರದೇಶದಲ್ಲಿ ರಚನೆಯಾದ ಊರಿನವರ ಸಂಘವೊಂದು ಕಾರ್ಯಕ್ರಮ ಮಾಡಿ, ಟಿಕೆಟ್ ಮಾರಿ, ಸಂಘದ ಹೆಸರಿನಲ್ಲಿ ಹಣ ಕಳುಹಿಸುತ್ತದೆ. ಸದಸ್ಯರೆಲ್ಲ ಭಾರತೀಯರೇ ಇರಬಹುದು. ಆದರೂ ಕೊಡುವ ಸಂಘ ವಿದೇಶದ್ದಾದ್ದರಿಂದ ಅದು ವಿದೇಶಿ ದೇಣಿಗೆ. ಅದೇ ಸದಸ್ಯರು ತಮ್ಮ ತಮ್ಮ ಖಾತೆಯಿಂದ ತಮ್ಮದೇ ಉಳಿತಾಯವನ್ನು ಕಳುಹಿಸಿದ್ದರೆ ಆಗುತ್ತಿರಲಿಲ್ಲ.

ವಿದೇಶಿ ದೇಣಿಗೆ ಪಡೆಯಬೇಕಾದರೆ ಸಂಸ್ಥೆ ಕೇಂದ್ರ ಗೃಹ ಸಚಿವಾಲಯದಲ್ಲಿ ನೋಂದಣಿಯಾಗಿರಬೇಕು. ನೋಂದಣಿ ಐದು ವರ್ಷಕ್ಕೆ, ಆಮೇಲೆ ನವೀಕರಣ. ನೋಂದಣಿ ಇಲ್ಲದ ಸಂಸ್ಥೆ ನಿರ್ದಿಷ್ಟ ದಾನಿಯಿಂದ ನಿರ್ದಿಷ್ಟ ಉದ್ದೇಶಕ್ಕೆ ನಿರ್ದಿಷ್ಟ ಮೊತ್ತ ಪಡೆಯಲು ಮುಂಚಿತ ಅನುಮತಿ ಕೇಳಬಹುದು. 2020ರ ತಿದ್ದುಪಡಿಯಿಂದ ನಿಯಮಗಳು ಬಿಗಿಯಾಗಿವೆ. ಎಲ್ಲ ವಿದೇಶಿ ದೇಣಿಗೆ ಮೊದಲು ದೆಹಲಿಯ ಭಾರತೀಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಅಲ್ಲಿಂದ ಊರಿನ ಖಾತೆಗೆ. ಆಡಳಿತ ವೆಚ್ಚದ ಮಿತಿ ಶೇ. 50ರಿಂದ ಶೇ. 20ಕ್ಕೆ ಇಳಿಯಿತು. ಒಂದು ಸಂಸ್ಥೆ ಪಡೆದ ವಿದೇಶಿ ದೇಣಿಗೆಯನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಹಿಂದೆ ಮೇಲಿನ ಸಂಸ್ಥೆಗೆ ಬಂದ ಹಣ ನೋಂದಣಿ ಇದ್ದ ಕೆಳಗಿನ ಶಾಲಾ ಟ್ರಸ್ಟಿಗೆ ಹೋಗುತ್ತಿತ್ತು. ಆ ದಾರಿ ಈಗ ಮುಚ್ಚಿದೆ. ‘ಅವರಿಗೇನು, ಹೊರಗಿನಿಂದ ಬರುತ್ತದೆ’ ಎಂಬ ಮಾತು ಇಂದಿನ ಬಹುತೇಕ ಹಳ್ಳಿಯ ಶಾಲೆಗಳ ಮಟ್ಟಿಗೆ ನಿಜವಲ್ಲದಿರುವುದಕ್ಕೆ ಇದೂ ಒಂದು ಕಾರಣ. ನಿಯಮ ಮುರಿದರೆ ಐದು ವರ್ಷದವರೆಗೆ ಜೈಲು ಅಥವಾ ದಂಡ ಅಥವಾ ಎರಡೂ ಆಗಬಹುದು. ಆದ್ದರಿಂದ ನೋಂದಣಿ ಇಲ್ಲದ ಶಾಲೆಗೆ ವಿದೇಶಿ ಪೌರರು ಪ್ರೀತಿಯಿಂದ ಕಳುಹಿಸಿದ ಸಣ್ಣ ಮೊತ್ತವೂ ತೊಂದರೆಗೆ ದಾರಿ. ಕ್ಯೂಆರ್ ಕೋಡ್ ಹಂಚುವ ಮನವಿ ಪತ್ರದಲ್ಲೇ ‘ಭಾರತೀಯ ಪೌರರಿಗೆ ಮಾತ್ರ’ ಎಂದು ಬರೆಯುವುದು ಜಾಣತನ.

ಕಂಪನಿಗಳ ಹಣ

2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ನ್ನು ಸಾಮಾಜಿಕ ಕೆಲಸಕ್ಕೆ ಬಳಸಬೇಕು; ಇದನ್ನೇ ಸಿಎಸ್‌ಆರ್ ಎನ್ನುತ್ತಾರೆ. ಆ ಪಟ್ಟಿಯಲ್ಲಿ ಶಿಕ್ಷಣ ಇದೆ, ಧರ್ಮಪ್ರಚಾರ ಇಲ್ಲ. ತರಗತಿ, ಪ್ರಯೋಗಾಲಯ, ಶೌಚಾಲಯಕ್ಕೆ ಕೇಳಬಹುದು. ಅದೇ ಆವರಣದ ಪ್ರಾರ್ಥನಾಲಯಕ್ಕೆ ಕೇಳುವಂತಿಲ್ಲ. ಹಣ ಪಡೆಯುವ ಸಂಸ್ಥೆ ಸಿಎಸ್‌ಆರ್-1 ಎಂಬ ನಮೂನೆಯಲ್ಲಿ ನೋಂದಾಯಿಸಿರಬೇಕು.

ಬಂದ ಹಣ ಹೋಗುವ ದಾರಿ

ಕಟ್ಟಡದ ಹಣ ಒಮ್ಮೆಲೇ ಗುತ್ತಿಗೆದಾರನ ಕೈಗೆ ಹೋಗಬಾರದು. ಅಡಿಪಾಯ, ಮೊದಲ ಸ್ಲ್ಯಾಬ್, ಗೋಡೆ, ಗಾರೆ ಎಂದು ಹಂತ ಹಂತವಾಗಿ ಎಂಜಿನಿಯರ್ ಅಳತೆ ಪುಸ್ತಕದಲ್ಲಿ ಬರೆದು ಸಹಿ ಹಾಕಿದ ಮೇಲೆ ಆಯಾ ಬಿಲ್ಲಿಗೆ ಪಾವತಿ. ಪ್ರತಿ ಬಿಲ್ಲಿನಲ್ಲೂ ಸ್ವಲ್ಪ ಪಾಲನ್ನು ಹಿಡಿದಿಟ್ಟು, ಕಟ್ಟಡ ಮುಗಿದು ಒಂದು ಮಳೆಗಾಲ ಸೋರದೆ ಕಳೆದ ಮೇಲೆ ಬಿಡುಗಡೆ ಮಾಡುವುದು ಕರಾವಳಿಗೆ ತಕ್ಕ ಕ್ರಮ.

ಹಣ ಕೂಡಲು ಎರಡು ಮೂರು ವರ್ಷ ಬೇಕಾದರೆ ಇನ್ನೊಂದು ನಿಯಮ ಅಡ್ಡ ಬರುತ್ತದೆ. ತೆರಿಗೆ ವಿನಾಯಿತಿ ಪಡೆದ ಸಂಸ್ಥೆ ತನ್ನ ಆದಾಯದ ಕನಿಷ್ಠ ಶೇ. 85ನ್ನು ಆಯಾ ವರ್ಷವೇ ಉದ್ದೇಶಕ್ಕೆ ಬಳಸಬೇಕು. ಕಟ್ಟಡದಂಥ ಕೆಲಸಕ್ಕೆ ಉಳಿಸಿಡಬೇಕಾದರೆ ಉದ್ದೇಶವನ್ನೂ ಅವಧಿಯನ್ನೂ ಮೊದಲೇ ಇಲಾಖೆಗೆ ತಿಳಿಸಿ, ಗರಿಷ್ಠ ಐದು ವರ್ಷ ಇಟ್ಟುಕೊಳ್ಳಬಹುದು. ಆ ನಮೂನೆ ಸಲ್ಲಿಸಲು ಮರೆತರೆ ಮಕ್ಕಳ ತರಗತಿಗೆಂದು ಕೂಡಿಟ್ಟ ಹಣದ ಮೇಲೆ ತೆರಿಗೆ ಬೀಳುತ್ತದೆ.

ಕೊಡುವ ಮುನ್ನ ಸಂಚಾಲಕರನ್ನೋ ಖಜಾಂಚಿಯನ್ನೋ ನೇರವಾಗಿ ಕೇಳಬಹುದಾದ್ದು ಇಷ್ಟು: ಖಾತೆ ಯಾವ ಸಂಸ್ಥೆಯ ಹೆಸರಿನಲ್ಲಿದೆ, ನಕ್ಷೆಗೆ ಮಂಜೂರಾತಿ ಸಿಕ್ಕಿದೆಯೇ, ಒಟ್ಟು ಅಂದಾಜು ಎಷ್ಟು, ಇದುವರೆಗೆ ಕೈಗೆ ಬಂದದ್ದೆಷ್ಟು, ಲೆಕ್ಕಪತ್ರವನ್ನು ಎಲ್ಲಿ ನೋಡಬಹುದು. 80ಜಿ ಅನುಮೋದನೆಯನ್ನು ಆದಾಯ ತೆರಿಗೆ ಇಲಾಖೆಯ ಜಾಲತಾಣದಲ್ಲಿ ನೀವೇ ಹುಡುಕಿ ನೋಡಬಹುದು. ವಾಟ್ಸಾಪ್‌ನಲ್ಲಿ ಬಂದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಾಗ ಪರದೆಯ ಮೇಲೆ ಶಾಲೆಯ ಅಥವಾ ಸಂಸ್ಥೆಯ ಹೆಸರಿನ ಬದಲು ಯಾವುದೋ ವ್ಯಕ್ತಿಯ ಹೆಸರು ಕಂಡರೆ ಅಲ್ಲಿಗೇ ನಿಲ್ಲಿಸಿ, ಶಾಲೆಯ ಕಚೇರಿಗೆ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ.